ತಿರುವಿ ತೊಟ್ಟ ರವಿಕೆ

ಜನವರಿ 8, 1991

ಬೈಗುಳ ಹಾಕಿಡಲು ಒಂದು ಜಾಗ ಬೇಕಾಗಿದೆ. ಅದಕ್ಕೇ ಈ ಪುಸ್ತಕ. ಜೊವಿತಾ ಶಾಲೆಗೆ ಹೋಗುವಾಗ ಅರ್ಧ ಬರೆದು ಬಿಸಾಡಿದ್ದು. ಮುಂದಿನ ಪುಟಗಳಲ್ಲಿ ಅವಳ ಭಾಗಾಕಾರ, ಹಿಂದಿನ ಪುಟಗಳಲ್ಲಿ ನಾನು. ನಾನು ಮೂರನೆಯ ತರಗತಿ ದಾಟಿದವಳಲ್ಲ, ಆದರೆ ದಕ್ಯೋನಳನ್ನು ಬೈಯುವಷ್ಟು ಅಕ್ಷರ ಬರುತ್ತದೆ.

ಜೊವಿತಾ ನನ್ನ ಮೊಮ್ಮಗಳು. ನಾನೇ ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು. ಅವಳು ಮದುವೆಯಾಗುತ್ತೇನೆಂದು ಹಟ ಹಿಡಿದಿರುವುದು ಹೊಳೆಯಾಚೆಯ ಫಾಬಿಯನ್‌ನನ್ನು. ಹುಡುಗ ಒಳ್ಳೆಯವನು. ಅವನಲ್ಲಿ ಇರುವ ಐಬು ಒಂದೇ, ಅವನ ಅಜ್ಜಿ ದಕ್ಯೋನ್.

ನಮ್ಮ ಬೆಟ್ಟದೂರಲ್ಲಿ ಮದುವೆಯ ಹೆಂಡವೆಂದರೆ ಎರಡೂ ಮನೆಯ ಅಕ್ಕಿ ಬೆರೆಯಬೇಕು, ಒಂದೇ ಜಾಡಿಯಲ್ಲಿ ಹುದುಗಬೇಕು, ಎರಡೂ ಮನೆಯ ಅಜ್ಜಿಯರು ಕಾಯಬೇಕು. ಜಾಡಿಯ ಕಿವಿಗೆ ಕಹಿ ಮಾತು ಬಿದ್ದರೆ ಹೆಂಡ ಹುಳಿಯಾಗುತ್ತದೆ. ಕ್ರಿಸ್ಮಸ್‌ಗೆ ಮುಂಚೆ ಇಟ್ಟ ಜಾಡಿ ಹುಳಿಯಾಯಿತು. ಎಷ್ಟು ಹುಳಿಯೆಂದರೆ ಹಂದಿ ಮೂಸಿ ನೋಡಿ, ನನ್ನನ್ನೂ ನೋಡಿ, ಬೆನ್ನು ತಿರುಗಿಸಿ ಹೋಯಿತು. ಅಂದಿನಿಂದ ಜೊವಿತಾ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಕಾಫಿ ಬೇಕೇ ಎಂದರೆ ತಲೆ ಆಡಿಸುತ್ತಾಳೆ. ನನ್ನ ಮನೆಯಲ್ಲಿ ಈಗ ಕೋಳಿಗಳೇ ಹೆಚ್ಚು ಮಾತಾಡುತ್ತವೆ.

ಇವತ್ತು ಊರ ಹಿರಿಯ ಕಿಟೊಂಗನ್ ಅಜ್ಜ ನಮ್ಮಿಬ್ಬರನ್ನೂ ಕಲ್ಲುಕಟ್ಟೆಗೆ ಕರೆಸಿ ಕೋಲು ಕುಟ್ಟಿದ.

"ಇದು ಎರಡ್ನೇ ಜಾಡಿ. ಇದೂ ಕೆಟ್ರೆ ಮದ್ವೆ ಮುಂದಿನ ಸುಗ್ಗಿ ಆದ್ಮೇಲೇನೇ. ಕಮಯಂಗ್, ನಿನ್ ಬಾಯಿಗೆ ಬೀಗ ಹಾಕ್ಕೋ."

"ಅವಳ ಬಾಯಿಗೆ?" ಅಂದೆ.

"ಅವಳ ಬಾಯಿಗೂ."

"ಮೊದ್ಲು ಅವಳದ್ದಕ್ಕೆ ಹಾಕಿ. ಅದು ದೊಡ್ಡ ಬಾಗ್ಲು, ಹೊತ್ತು ಹಿಡಿಯತ್ತೆ."

ಕಟ್ಟೆಯ ಮೇಲಿದ್ದ ಗಂಡಸರೆಲ್ಲ ನಕ್ಕರು. ದಕ್ಯೋನಳೂ ನಕ್ಕಳು. ಅವಳ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೊಬ್ಬಿದ ಹಂದಿಯನ್ನು ಗದ್ದೆಯ ಅಂಚಿನಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಅದರ ಕೆಳಗಿನ ಗದ್ದೆಗೆ ಉರುಳಿಸಿದಂಥ ನಗು.

ನನ್ನ ಮದುವೆಯ ದಿನವೂ ಅವಳು ಹೀಗೇ ನಕ್ಕಿದ್ದಳು. ನಾನು ಒಳಗೆ ತಲೆ ತಗ್ಗಿಸಿ ಕೂತಿದ್ದೆ. ಹೊತ್ತು ಮೀರಿತ್ತು, ಮದುಮಗ ಗಯಾಸೊ ಬಂದಿರಲಿಲ್ಲ. ಕೊನೆಗೆ ಬಂದ. ಅವನ ಮನೆಯಿರುವುದು ಮೇಲಿನ ದಿಕ್ಕಿಗೆ, ಬಂದದ್ದು ಹೊಳೆಯ ದಿಕ್ಕಿನಿಂದ. ಬಾಗಿಲ ಹೊರಗೆ ಆ ನಗು ಕೇಳಿಸಿತು. ಹೊಳೆಯ ದಿಕ್ಕಿನಲ್ಲಿ ಯಾರ ಮನೆಯಿದೆ? ಮಿಕ್ಕದ್ದನ್ನು ನಾನೇ ಕೂಡಿಸಿಕೊಂಡೆ. ಯಾಕೆ ತಡ ಎಂದು ಅವನು ಸಾಯುವ ತನಕ ಕೇಳಿದೆ. "ದಾರಿ ಜಾರ್ತಿತ್ತು" ಅನ್ನುತ್ತಿದ್ದ. ಅವತ್ತು ಮಳೆ ಬಂದೇ ಇರಲಿಲ್ಲ.

ಜನವರಿ 9

ಬಂದಳು. ಬುಟ್ಟಿಯಲ್ಲಿ ಅಕ್ಕಿ, ಬಾಯಲ್ಲಿ ಹೊಗೆಸೊಪ್ಪಿನ ಪೈಪು.

"ಬೀಗಿತ್ತೀ, ಚೆನ್ನಾಗಿದ್ಯಾ?" ಅಂದಳು, ನಾಲಿಗೆಗೆ ಬೆಲ್ಲ ಮೆತ್ತಿಕೊಂಡು.

"ನಿನ್ನ ನೋಡಿದ್ಮೇಲೆ ಇನ್ನೇನು" ಅಂದೆ. ಇದರಲ್ಲಿ ಕಹಿ ಎಲ್ಲಿದೆ, ಯಾರಾದರೂ ತೋರಿಸಲಿ.

ಅವಳ ಅಕ್ಕಿ ಕೆಂಪು, ನನ್ನದು ಕಪ್ಪು. ಬೇಯಿಸಿ, ಆರಿಸಿ, ಹುದುಗುಬಿಲ್ಲೆ ಪುಡಿ ಮಾಡಿ ಕಲೆಸಿ, ಜಾಡಿ ತುಂಬಿ ಬಾಳೆಲೆ ಕಟ್ಟಿ, ಒಲೆಯ ಪಕ್ಕ ಕಂಬಳಿ ಹೊದಿಸಿ ಕೂರಿಸಿದೆವು. ಇನ್ನು ಕಿಟೊಂಗನ್ ಅಜ್ಜನ ಕಟ್ಟಳೆ: ಜಾಡಿಯ ಹತ್ತಿರ ಇದ್ದರೆ ಇಬ್ಬರೂ ಇರಬೇಕು, ಹೋದರೆ ಇಬ್ಬರೂ ಹೋಗಬೇಕು. ಕೆಟ್ಟರೆ ಒಬ್ಬಳ ಮೇಲೆ ಇನ್ನೊಬ್ಬಳು ತಪ್ಪು ಹಾಕಬಾರದಲ್ಲ. ಹಾಗಾಗಿ ಅವಳ ಹಾಸಿಗೆಯೂ ನನ್ನ ಮನೆಯಲ್ಲೇ.

ಇಲ್ಲಿ ಬರೆಯುತ್ತೇನೆ: ಗೊರಕೆ ಹೊಡೆಯುವ ಹಂಡೆ. ಸೀಮೆಬದನೆ ಮೂತಿ. ಎರಡು ಕಾಲಿನ ಎಮ್ಮೆ. ಈಗ ಹಿತವಾಯಿತು.

ಜನವರಿ 11

ಹೋದರೆ ಇಬ್ಬರೂ ಹೋಗಬೇಕು ಎಂದರೆ ಕಕ್ಕಸಿಗೂ. ಆ ಮುದುಕನಿಗೆ ಇದು ಹೊಳೆದಿರಲಿಲ್ಲವೋ, ಹೊಳೆದೇ ಹೇಳಿದನೋ. ಚಳಿಯಲ್ಲಿ ನಾನು ಬಾಗಿಲ ಹೊರಗೆ ಕೊಡೆ ಹಿಡಿದು ನಿಂತಿದ್ದೇನೆ, ಅವಳು ಒಳಗಿನಿಂದ ಹೊಳೆಯಾಚೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಾಳೆ. ಯಾರ ಹಂದಿ ಈಯಿತು, ಯಾರ ಗೋಡೆ ಕುಸಿಯಿತು. ಸುದ್ದಿ ಮುಗಿಯುವ ತನಕ ಏಳುವುದಿಲ್ಲ.

ಕಪ್ಪೆ ಹೊಟ್ಟೆ. ಮುರುಕು ರೇಡಿಯೋ.

ಜನವರಿ 14

ನಿನ್ನೆಯಿಂದ ಮನೆಯಲ್ಲಿ ವಸ್ತುಗಳು ಕಾಣೆಯಾಗುತ್ತಿವೆ. ಮರದ ಸೌಟು ಕೋಳಿಗೂಡಿನಲ್ಲಿ ಸಿಕ್ಕಿತು. ನನ್ನ ಎಡಗಾಲಿನ ಚಪ್ಪಲಿ ಮಾಡಿನ ಮೇಲೆ.

"ಬುಟಟೇವು ಕಣೇ" ಅಂದಳು ದಕ್ಯೋನ್. "ಹೆಂಡದ ವಾಸ್ನೆಗೆ ಬಂದ್ಬಿಟ್ಟಿದೆ."

ಬುಟಟೇವು ಎಂಬ ಭೂತ ಇರುವುದು ಕಾಡಿನಲ್ಲಿ. ಗೊತ್ತಿರುವ ದಾರಿಯಲ್ಲೇ ಜನರನ್ನು ಗಿರಗಿರ ಸುತ್ತಿಸಿ ದಾರಿ ತಪ್ಪಿಸಿ, ಬಂಡೆಯ ಹಿಂದೆ ಕೂತು ಕಿಸಿಕಿಸಿ ನಗುವುದು ಅದರ ಕಸುಬು. ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ನನ್ನ ಚಪ್ಪಲಿ ಯಾಕೆ? ಈ ಮನೆಗೆ ಹೊಳೆಯಾಚೆಯಿಂದ ಬಂದ ಬುಟಟೇವು ಒಂದೇ, ಅದು ನಾಲ್ಕು ಗೆಣಸು ತಿನ್ನುತ್ತದೆ.

ಇವತ್ತು ದಕ್ಯೋನಳ ಪೈಪು ಕಾಣೆಯಾಯಿತು. "ಬುಟಟೇವು ಇರ್ಬೇಕು" ಎಂದು ನಾನೂ ಕಣ್ಣರಳಿಸಿ ಹೇಳಿದೆ. ಪೈಪು ನನ್ನ ಉಪ್ಪಿನ ಡಬ್ಬದಲ್ಲಿದೆ.

ಜನವರಿ 15

ಉಪ್ಪಿನ ಡಬ್ಬದಲ್ಲಿ ಪೈಪು ಇಲ್ಲ! ಉಪ್ಪೂ ಇಲ್ಲ. ಸಕ್ಕರೆ ಇದೆ. ಗೊತ್ತಾದದ್ದು ಒಣಹಂದಿ ಸಾರು ಬಾಯಿಗಿಟ್ಟಾಗ.

ದಕ್ಯೋನ್ ಮೂಲೆಯಲ್ಲಿ ಕೂತು ಪೈಪು ಸೇದುತ್ತಿದ್ದಳು. "ಎಲ್ಲಿ ಸಿಕ್ತು?" ಎಂದು ಕೇಳಲಾರೆ, ಎಲ್ಲಿಟ್ಟಿದ್ದೆ ಎಂದು ಹೇಳಿದಂತಾಗುತ್ತದೆ. ಅವಳೂ ಹೇಳಲಾರಳು. ಇಬ್ಬರೂ ಸಕ್ಕರೆ ಸಾರು ಪೂರ್ತಿ ಕುಡಿದೆವು. ಜೊವಿತಾ ಒಂದು ಗುಟುಕು ಕುಡಿದು, ಇಬ್ಬರ ಮುಖವನ್ನೂ ನೋಡಿ, ಹೊರಗೆ ಓಡಿದಳು. ಗೋಡೆಯಾಚೆಯಿಂದ ಅವಳ ನಗು ಕೇಳಿಸಿತು. ಎಷ್ಟು ದಿನವಾಗಿತ್ತು.

ಜನವರಿ 18

ಒಂದು ಬೈಗುಳ ಯೋಚಿಸಿಟ್ಟಿದ್ದೆ. ಬರೆಯಲು ಕೂರುವಾಗ ಮರೆತುಹೋಯಿತು. ಅವಳು ಗೆಣಸಿನ ಸಿಪ್ಪೆಯನ್ನು ಒಂದೇ ಎಳೆಯಾಗಿ ಸುಲಿಯುತ್ತಾಳೆ. ನೋಡುತ್ತಾ ಕೂತಿದ್ದೆ, ಅದಕ್ಕೇ ಇರಬೇಕು.

ಜನವರಿ 22

ಜಾಡಿ ಮಾತಾಡಲು ಶುರು ಮಾಡಿದೆ. ಕಿವಿಯಿಟ್ಟರೆ ಗುಳುಗುಳು ಎನ್ನುತ್ತದೆ. ದಕ್ಯೋನ್ ಒಂದು ಕಡೆ ಕಿವಿಯಿಟ್ಟಳು, ನಾನು ಇನ್ನೊಂದು ಕಡೆ.

"ಏನ್ ಅಂತಿದೆ?" ಅಂದಳು.

"ಈ ಮುದ್ಕಿ ಬಾಯಿಂದ ಹೊಗೆಸೊಪ್ಪಿನ ನಾತ ಬರ್ತಿದೆ ಅಂತಿದೆ."

ಇದು ಜಾಡಿಯ ಮಾತು, ನನ್ನದಲ್ಲ. ಅವಳು ನಕ್ಕಳು. ನಾನು ನಗಲಿಲ್ಲ, ನನಗೆ ಕೆಮ್ಮು ಬಂತು.

ಸಂಜೆ ಅವಳು ಮಾಡಿನ ಮೇಲೆ ಚಪ್ಪಲಿ ಎಸೆದದ್ದು ತಾನೇ ಎಂದು ಒಪ್ಪಿಕೊಂಡಳು. ಸೌಟು ಮಾತ್ರ ತಾನಲ್ಲವಂತೆ. ನಾನೂ ಅಲ್ಲ. ಹಾಗಾದರೆ ಯಾರು? ಇಬ್ಬರೂ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದೆವು.

ಜನವರಿ 26

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಕಂಬಳಿಯಿಂದ ಕೈ ತೆಗೆಯಲಾಗಲಿಲ್ಲ. ಚಳಿಗೆ ಸ್ವಲ್ಪ, ಮಿಕ್ಕದ್ದಕ್ಕೆ ಬಹಳ.

ಮೇಣದ ಸೌದೆ ಮುಗಿಯುತ್ತಾ ಬಂದಿತ್ತು. ರಾಳ ತುಂಬಿದ ಪೈನ್ ಚಕ್ಕೆ ಇಲ್ಲದಿದ್ದರೆ ಒಲೆ ಆರುತ್ತದೆ, ಒಲೆ ಆರಿದರೆ ಜಾಡಿ ಸಾಯುತ್ತದೆ. ಜೊವಿತಾ ಗದ್ದೆಗೆ ಹೋಗಿದ್ದಳು. ಇದ್ದ ಚಕ್ಕೆಯನ್ನೆಲ್ಲ ಒಲೆಗೆ ಹಾಕಿ, ಇಬ್ಬರೂ ಬುಟ್ಟಿ ಹೊತ್ತು ಕಾಡಿಗೆ ಹೊರಟೆವು. ನಾನು ಹುಟ್ಟಿದಾಗಿನಿಂದ ತುಳಿದ ದಾರಿ. ಕಣ್ಣು ಕಟ್ಟಿ ಬಿಟ್ಟರೂ ಹೋಗಿ ಬರುತ್ತೇನೆ.

ಕೊನೆಯ ಮನೆ ದಾಟಿ, ಕಲ್ಲಿನ ತಿರುವು ದಾಟಿದ ಮೇಲೆ ದಕ್ಯೋನ್ ನಿಂತಳು. "ಇಲ್ಲಿಂದ ಜಾಡಿಗೆ ಕೇಳ್ಸತ್ತಾ?"

"ಕೇಳ್ಸಲ್ಲ."

"ಖಂಡಿತಾ?"

"ಖಂಡಿತಾ."

"ಹಂಗಾದ್ರೆ ಕೇಳು, ಒಣಕಲು ಕಡ್ಡೀ!" ಎಂದು ಶುರು ಮಾಡಿದಳು ನೋಡಿ! ಅಯ್ಯೋ, ನಾನೂ ಬಿಡಲಿಲ್ಲ. ಎರಡು ವಾರದ ಸರಕು. ಹಂಡೆ, ಎಮ್ಮೆ, ರೇಡಿಯೋ ಎಲ್ಲ ಹೊರಗೆ ಬಂದವು. ಅವಳ ಹತ್ತಿರವೂ ಒಳ್ಳೆಯ ಸರಕಿತ್ತು. ನಾನು ನಡೆಯುವುದು ಒದ್ದೆ ಕೋಳಿಯ ಹಾಗಂತೆ, ನನ್ನ ಕಾಫಿ ಇಲಿಯ ಸ್ನಾನದ ನೀರಂತೆ. ಹತ್ತುತ್ತಾ ಬೈದೆವು, ಇಳಿಯುತ್ತಾ ಬೈದೆವು, ಚಕ್ಕೆ ಕಡಿಯುತ್ತಾ ಬೈದೆವು, ಬುಟ್ಟಿ ಹೊತ್ತು ವಾಪಸು ಬರುತ್ತಾ ಬೈದೆವು. ಮಂಜು ಕವಿದದ್ದೂ ಗೊತ್ತಾಗಲಿಲ್ಲ.

ಪಾಚಿ ಹಿಡಿದ ಬೋಳು ಬಂಡೆಯೊಂದು ಬಂತು. ಬಲಕ್ಕೆ ಹೊರಳಿದೆವು. ಸ್ವಲ್ಪ ಹೊತ್ತಿಗೆ ಅದೇ ಬೋಳು ಬಂಡೆ. ಎಡಕ್ಕೆ ಹೊರಳಿದೆವು. ಮತ್ತೆ ಅದೇ ಬಂಡೆ, ಕಿಟೊಂಗನ್ ಅಜ್ಜನ ತಲೆಯ ಹಾಗೆ ನಮ್ಮನ್ನೇ ನೋಡುತ್ತಿತ್ತು.

ಬೈಗುಳ ನಿಂತಿತು. ಬಂಡೆಯ ಹಿಂದೆ ಏನೋ ಕಿಸಿಕಿಸಿ ಎಂದಿತು. ಹಕ್ಕಿ ಇರಬಹುದು. ಇರಲಾರದು.

"ಬುಟಟೇವು" ಎಂದಳು ದಕ್ಯೋನ್ ಪಿಸುದನಿಯಲ್ಲಿ. ಪೈಪಿನಿಂದ ಹೊಗೆಸೊಪ್ಪು ತೆಗೆದು ಬಂಡೆಯ ಮೇಲಿಟ್ಟಳು. "ತಗೋಳ್ರಪ್ಪಾ. ಮುದ್ಕೀರು ನಾವು, ನಮ್ ಹತ್ರ ಏನಾಟ? ದಾರಿ ಬಿಡಿ."

ಮತ್ತೆ ನಡೆದೆವು. ಮತ್ತೆ ಬಂಡೆ. ಹೊಗೆಸೊಪ್ಪು ಮಾತ್ರ ಇರಲಿಲ್ಲ.

ಇನ್ನು ಉಳಿದ ಮದ್ದು ಒಂದೇ. ತೊಟ್ಟ ಬಟ್ಟೆಯ ಒಳಮೈ ಹೊರಗೆ ಮಾಡಿ ತೊಡಬೇಕು. ಆಗ ನಾವು ಯಾರೆಂದು ಬುಟಟೇವಿಗೆ ಗುರುತು ಹತ್ತದೆ ಬಿಟ್ಟುಬಿಡುತ್ತದೆ. ಜನವರಿಯ ಮಂಜಿನಲ್ಲಿ, ಬೆಟ್ಟದ ಮೇಲೆ, ಇಬ್ಬರು ಅಜ್ಜಿಯರು ರವಿಕೆ ಬಿಚ್ಚಿ ಪೊದೆಯ ಮೇಲೆ ಹಾಕಿ, ಮೈಗೆ ಕೈ ಕಟ್ಟಿಕೊಂಡು ಚಳಿಗೆ ಕುಣಿದೆವು. ದೇವರು ಮೇಲಿನಿಂದ ನೋಡಿದ್ದರೆ ಮುಖ ಆಚೆ ತಿರುಗಿಸಿರುತ್ತಾನೆ.

ಆಗ ದಕ್ಯೋನ್ ನಗಲು ಶುರು ಮಾಡಿದಳು. ಅದೇ ನಗು.

"ನಗ್ಬೇಡ!" ಎಂದು ಕಿರುಚಿದೆ. "ನನ್ ಮದ್ವೇಲೂ ಹಿಂಗೇ ನಕ್ಕಿದ್ದೆ. ಅವನು ನಿನ್ ಮನೆ ದಿಕ್ಕಿಂದ ಬಂದ, ನೀನು ನಕ್ಕೆ. ನಂಗೆಲ್ಲಾ ಗೊತ್ತು!"

ಅವಳ ಬಾಯಿ ತೆರೆದುಕೊಂಡೇ ಇತ್ತು. "ಏನ್ ಗೊತ್ತು ನಿಂಗೆ?"

"ಬರೋ ಮುಂಚೆ ನಿನ್ ಹತ್ರ ಬಂದಿದ್ದ ಅಂತ."

"ನನ್ ಹತ್ರ?" ಅವಳು ಬಂಡೆಗೆ ಒರಗಿ ಕೂತೇಬಿಟ್ಟಳು. "ಅಯ್ಯೋ ನಿನ್ನ! ಅವನು ದಾರಿ ತಪ್ಪಿದ್ದ ಕಣೇ! ಇದೇ ಕಾಡಲ್ಲಿ, ಬುಟಟೇವು ಕೈಲಿ ಸಿಕ್ಕಿ, ಬೆಳಿಗ್ಗೆಯಿಂದ ಸುತ್ತಿ ಸುತ್ತಿ ಹೊಳೆ ಹತ್ರ ಇಳಿದಿದ್ದ. ಕೋಟು ತಿರುವಿ ಹಾಕಿದ್ದ. ಜೇಬು ಎರಡೂ ಹೊರಗೆ, ಮೇಕೆ ಕಿವಿ ಹಂಗೆ ಜೋತಾಡ್ತಿದ್ವು. ಮದ್ಲಿಂಗ! ಕೆಳಗೆ ಲಂಗೋಟಿ, ಮೇಲೆ ಮೇಕೆ ಕಿವಿ! ನಿನ್ ಬಾಗ್ಲಲ್ಲಿ ಅವನ್ನ ನೋಡಿ ನಗ್ದೆ ಇನ್ನೇನ್ ಮಾಡ್ಲಿ? ನಾನೇ ಬಿಚ್ಚಿಸಿ ಸರಿ ಮಾಡಿ ಒಳಗೆ ಕಳ್ಸಿದೆ."

ನನಗೆ ಚಳಿ ನಿಂತುಹೋಯಿತು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮದುವೆ ದಾರೀಲಿ ಬುಟಟೇವು ಅಡ್ಡ ಬಂದ್ರೆ ಅಪಶಕುನ ಅಂತ ಹಿರೀಕರು ಮದ್ವೆ ನಿಲ್ಸ್ತಿರ್ಲಿಲ್ವಾ? ಆಣೆ ಹಾಕಿಸ್ಕೊಂಡ. 'ದಕ್ಯೋನ್, ಯಾರಿಗೂ ಹೇಳ್ಬೇಡ, ಅವಳಿಗಂತೂ ಹೇಳ್ಲೇಬೇಡ, ಅವಳ ಬಾಯಲ್ಲಿ ಏನೂ ನಿಲ್ಲಲ್ಲ' ಅಂದ. ಅವನು ಹೋದ್ಮೇಲೆ ಹೇಳೋಣ ಅಂದ್ರೆ ನೀನು ನನ್ ಕಂಡ್ರೆ ಬೇಲಿ ಹಾರ್ತಿದ್ದೆ."

ಗಯಾಸೊ ನನ್ನನ್ನು ಮದುವೆಯಾಗಲು ಹಿಂದೆಮುಂದೆ ನೋಡಿದ್ದಲ್ಲ. ಬೆಳಿಗ್ಗೆಯಿಂದ ಕಾಡು ಸುತ್ತಿ, ಕೋಟು ತಿರುವಿ, ಓಡಿ ಬಂದಿದ್ದ. ಮೇಕೆ ಕಿವಿಯ ಸಮೇತ. ನಾನು ಅದನ್ನು ಕಣ್ಣ ಮುಂದೆ ತಂದುಕೊಂಡೆ. ಆಮೇಲೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಗು ಹೊಟ್ಟೆಯಿಂದ ಕಿತ್ತುಕೊಂಡು ಬಂತು. ಅವಳನ್ನು ಹಿಡಿದುಕೊಂಡು ನಕ್ಕೆ, ಅವಳು ನನ್ನನ್ನು ಹಿಡಿದುಕೊಂಡು ನಕ್ಕಳು. ಸ್ವಲ್ಪ ಅತ್ತೆ ಕೂಡ. ಅದು ಮಂಜು ಇರಬಹುದು.

ಪೊದೆಯಿಂದ ರವಿಕೆ ಎಳೆದುಕೊಂಡು ತಿರುವಿ ತೊಟ್ಟು ಇಳಿದೆವು. ದಾರಿ ತಾನಾಗಿ ಪಾದದ ಕೆಳಗೆ ಬಂತು.

"ಕಿಟೊಂಗನ್‌ಗೆ ಗೊತ್ತಾಗ್ಬಾರ್ದು" ಅಂದಳು ದಕ್ಯೋನ್. "ಜಾಡಿ ಕಾಯೋರನ್ನೇ ಬುಟಟೇವು ಹಿಡೀತು ಅಂದ್ರೆ ಮದ್ವೆ ಹೋಯ್ತು ಅಂತಾನೇ." ಇಬ್ಬರೂ ತುಟಿ ಹೊಲಿದುಕೊಂಡು ಊರೊಳಗೆ ಬಂದೆವು. ಕಲ್ಲುಕಟ್ಟೆಯ ಮೇಲೆ ಗಂಡಸರೆಲ್ಲ ಕೂತಿದ್ದರು. ಎಲ್ಲರ ಕಣ್ಣೂ ನಮ್ಮ ಮೇಲೆ ಬಿತ್ತು. ಆಗ ನಾನು ನನ್ನನ್ನು ನೋಡಿಕೊಂಡೆ.

ರವಿಕೆ ತಿರುವಿಯೇ ಇತ್ತು, ಹೊಲಿಗೆಯೆಲ್ಲ ಹೊರಗೆ. ಸಾಲದ್ದಕ್ಕೆ ಅದು ನನ್ನದಲ್ಲ. ದಕ್ಯೋನಳ ರವಿಕೆ ನನ್ನ ಮೇಲೆ ಒಣಗಲು ಹಾಕಿದ ಕಂಬಳಿಯ ಹಾಗೆ ನೇತಾಡುತ್ತಿತ್ತು. ನನ್ನ ರವಿಕೆ ಅವಳ ಮೇಲೆ ಉಸಿರು ಹಿಡಿದು ನಿಂತಿತ್ತು. ಅಷ್ಟರಲ್ಲಿ ಅದರ ಒಂದು ಗುಂಡಿ ಟಪ್ಪೆಂದು ಹಾರಿ ಕಿಟೊಂಗನ್ ಅಜ್ಜನ ಕಾಫಿ ಲೋಟಕ್ಕೆ ಬಿತ್ತು.

ಅಜ್ಜ ಗುಂಡಿ ತೆಗೆದು ನೋಡಿದ. ನಮ್ಮನ್ನು ನೋಡಿದ. "ಏನಿದು?"

"ಫ್ಯಾಷನ್" ಅಂದೆ.

"ಫ್ಯಾಷನ್" ಅಂದಳು ದಕ್ಯೋನ್, ಅದೇ ಉಸಿರಿಗೆ.

"ಬಾಗಿಯೊ ಪೇಟೆ ಕಡೆ ಹಿಂಗಾ?"

"ಮನಿಲಾದಲ್ಲೂ ಹಿಂಗೇ" ಎಂದು ದಕ್ಯೋನ್ ನನ್ನ ಕೈ ಹಿಡಿದು ಎಳೆದುಕೊಂಡು ಓಡಿದಳು. ಅವಳು ಓಡಿದಂತೆ ಇನ್ನೂ ಎರಡು ಗುಂಡಿ ಹೋದವು.

ಮನೆಯಲ್ಲಿ ಒಲೆ ಬೂದಿಯಾಗಿತ್ತು. ಜಾಡಿ ಮುಟ್ಟಿದೆ. ತಣ್ಣಗೆ, ಹೊಳೆಯ ಕಲ್ಲಿನ ಹಾಗೆ. ಕಿವಿಯಿಟ್ಟೆ. ಮಾತಿಲ್ಲ.

ಜೊವಿತಾಳ ತುಟಿ ಮುಚ್ಚಿದ ಮುಖ ಕಣ್ಣ ಮುಂದೆ ಬಂತು. ಬೆಂಕಿ ಹತ್ತಿಸಿದೆ, ಆದರೆ ಹತ್ತಿದ ಬೆಂಕಿಗೂ ಕಾವು ಬರಲು ಹೊತ್ತು ಬೇಕು. ದಕ್ಯೋನ್ ಕಂಬಳಿ ಎಳೆದು ಜಾಡಿಯ ಒಂದು ಕಡೆ ತಬ್ಬಿ ಕೂತಳು. "ನೀನು ಆ ಕಡೆ!" ಅಂದಳು. ನಾನು ಆ ಕಡೆ. ಮೇಲೆ ಕಂಬಳಿ. ಒಳಗೆ ಕತ್ತಲೆ, ಹೊಗೆಸೊಪ್ಪಿನ ವಾಸನೆ, ಮಧ್ಯೆ ಜಾಡಿ, ಹಣೆಗೆ ಹಣೆ ತಾಗುತ್ತಿತ್ತು.

"ನಿನ್ ಹಣೆ ಎಷ್ಟು ಗಟ್ಟಿಯೇ" ಅಂದಳು.

"ಸುಮ್ನಿರು. ಜಾಡಿಗೆ ಕೇಳ್ಸತ್ತೆ."

"ಮೇಕೆ ಕಿವಿ" ಎಂದಳು ಪಿಸುದನಿಯಲ್ಲಿ.

ಇಬ್ಬರೂ ನಗು ತಡೆಯಲಾರದೆ ಜಾಡಿಯ ಸಮೇತ ಅಲುಗಾಡಿದೆವು. ಎಷ್ಟು ಹೊತ್ತು ಕೂತಿದ್ದೆವೋ. ಜೊವಿತಾ ಗದ್ದೆಯಿಂದ ಬಂದು ಕಂಬಳಿ ಎತ್ತಿ ನೋಡಿ ಮತ್ತೆ ಮೆಲ್ಲಗೆ ಮುಚ್ಚಿದಳು. ಆಮೇಲೆ ಎಲ್ಲೋ ಆಳದಲ್ಲಿ ಒಂದು ಗುಳುಕ್.

ಜನವರಿ 29

ಬೈಗುಳ ಬರೆಯುವ ಪುಸ್ತಕಕ್ಕೆ ಬೇರೇನು ಬರೆಯಬೇಕೆಂದು ತಿಳಿಯುತ್ತಿಲ್ಲ. ಗುಂಡಿ ಹೊಲಿದೆವು. ಅವಳಿಗೆ ಸೂಜಿಯ ಕಣ್ಣು ಕಾಣುವುದಿಲ್ಲ, ದಾರ ಪೋಣಿಸಿ ಕೊಟ್ಟೆ.

ಫೆಬ್ರವರಿ 2

ಮದುವೆ!

ಜಾಡಿಯ ಬಾಯಿ ಬಿಚ್ಚುವ ಹೊತ್ತು. ನಾನೂ ದಕ್ಯೋನಳೂ ಒಬ್ಬರನ್ನೊಬ್ಬರು ಊರಿಕೊಂಡು ನಿಂತಿದ್ದೆವು. ಕಿಟೊಂಗನ್ ಅಜ್ಜ ಇನ್ನೂ ಬಂದಿರಲಿಲ್ಲ. ಆಮೇಲೆ ಬಂದ. ಅಂಗಳವೆಲ್ಲ ಅತ್ತ ತಿರುಗಿತು. ಕೋಟು ತಿರುವಿ ಹಾಕಿದ್ದ! ಜೇಬು ಎರಡೂ ಹೊರಗೆ, ಜೋತಾಡುತ್ತಾ.

"ಏನ್ ನೋಡ್ತೀರಾ? ಮನಿಲಾ ಫ್ಯಾಷನ್" ಅಂದ.

ಅವನ ಮಕ್ಕಳು ನಗುತ್ತಾ ತಮ್ಮ ಅಂಗಿ ತಿರುವಿದರು. ಹುಡುಗಿಯರು ತಿರುವಿದರು. ಮದುಮಗ ಫಾಬಿಯನ್ ಕೂಡ. ಇಡೀ ಊರೇ ಒಳಮೈ ಹೊರಗೆ ಮಾಡಿ ನಿಂತ ಮೇಲೆ ಯಾವ ಬುಟಟೇವಿಗೆ ಯಾರ ಗುರುತು ಸಿಗಬೇಕು? ಅಪಶಕುನ ಯಾರ ಮೇಲೆ ಕೂರಬೇಕು?

ಅಜ್ಜ ಬಟ್ಟಲು ತುಂಬಿ ಕುಡಿದ. ಕಣ್ಣು ಮುಚ್ಚಿದ. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದ, ಬೇಕೆಂದೇ.

"ಸಿಹಿ" ಅಂದ. "ಸ್ವಲ್ಪ ಹೊಗೆಸೊಪ್ಪಿನ ವಾಸ್ನೆ."

ಕಂಚಿನ ಗಂಟೆತಟ್ಟೆಗಳ ಬಡಿತ ಶುರುವಾಯಿತು. ಆ ಗದ್ದಲದಲ್ಲಿ ಅಜ್ಜ ನನ್ನ ಕಿವಿಗೆ ಬಾಗಿದ. "ಗಯಾಸೊನೂ ಇದೇ ಫ್ಯಾಷನ್ ಮಾಡಿದ್ದ. ನಾನೂ ನೋಡಿದ್ದೆ. ನೋಡ್ದೇ ಇದ್ದಂಗೆ ಇದ್ದೆ."

"ಊರಿಗೆಲ್ಲ ಗೊತ್ತಿದ್ದು ನಂಗೊಬ್ಳಿಗೇ ಗೊತ್ತಿರ್ಲಿಲ್ವಾ?"

"ನೀನು ತಲೆ ತಗ್ಗಿಸಿದ್ದೆ. ಅದೊಂದೇ ದಿನ."

ಜೊವಿತಾ ಬಂದು ನನ್ನ ಎರಡೂ ಕೆನ್ನೆ ಹಿಡಿದಳು. "ಅಜ್ಜೀ, ಆ ಸಕ್ಕರೆ ಸಾರು ಮತ್ತೆ ಯಾವಾಗ ಮಾಡ್ತೀಯಾ?" ಅಂದಳು. ಅಷ್ಟೇ ಮಾತು. ನಾನು ಅವಳ ಬಟ್ಟಲಿಗೆ ಹೆಂಡ ಸುರಿದೆ. ಅರ್ಧ ನೆಲಕ್ಕೆ ಹೋಯಿತು ಎಂದು ದಕ್ಯೋನ್ ಈಗ ಎಲ್ಲರಿಗೂ ಸಾರುತ್ತಿದ್ದಾಳೆ.

ಕುಣಿದೆ. ಕಾಲು ನೋಯುತ್ತಿದೆ. ಇನ್ನು ನಾಳೆ.

ಫೆಬ್ರವರಿ 4

ಬೆಳಿಗ್ಗೆ ದಕ್ಯೋನ್ ಗಂಟು ಕಟ್ಟಿ ಹೊರಟಳು.

"ಹೋಗು ಹೋಗು, ನನ್ ಮನೆಗೆ ಸ್ವಲ್ಪ ಗಾಳಿ ಆಡ್ಲಿ" ಅಂದೆ. ಗಂಟಿಗೆ ಒಣಹಂದಿಯ ಒಂದು ತುಂಡು ಹಾಕಿದೆ. ಇಲ್ಲಿಟ್ಟರೆ ಇಲಿ ತಿನ್ನುತ್ತದಲ್ಲ, ಅದಕ್ಕೆ.

ಗೆಣಸು ಬೇಯಿಸಿದೆ. ನೋಡಿದರೆ ದಕ್ಯೋನಳ ಪಾಲೂ ಸೇರಿತ್ತು. ಕೈಗೆ ಅಭ್ಯಾಸವಾಗಿಬಿಟ್ಟಿದೆ, ಹಾಳು ಕೈ.

ಗೆಣಸು ಆರುವುದರೊಳಗೆ ಬಾಗಿಲಲ್ಲಿ ಏದುಸಿರು. ದಕ್ಯೋನ್.

"ಬುಟಟೇವು ಕಣೇ. ತಿರುಗ್ಸಿ ಇಲ್ಲಿಗೇ ತಂದು ಬಿಡ್ತು."

"ಇರೋದು ಒಂದು ಸೇತುವೆ. ಆ ಕಡೆ ಹತ್ತಿದ್ರೆ ಈ ಕಡೆ ಇಳೀತೀಯ. ಅದ್ರಲ್ಲಿ ದಾರಿ ತಪ್ಪೋದು ಹೆಂಗೆ?"

"ನಂಗೂ ಅದೇ ಆಶ್ಚರ್ಯ."

"ರವಿಕೆ ತಿರುವಿ ನೋಡ್ಲಿಲ್ವಾ?"

"ಚಳಿ" ಎಂದಳು, ಕೂತು ಗೆಣಸು ಸುಲಿಯತೊಡಗಿದಳು. ಒಂದೇ ಎಳೆ.

ಫೆಬ್ರವರಿ 5

ಈ ಬುಟಟೇವಿನ ಕಾಟ ಹೀಗೇ ಬಿಡಬಾರದು. ನಾಳೆ ನಾನೇ ಜೊತೆಗೆ ಹೋಗಿ ಅವಳನ್ನು ಹೊಳೆಯಾಚೆಯ ಮನೆಗೆ ಮುಟ್ಟಿಸಿ, ಅಲ್ಲಿಂದ ನೇರವಾಗಿ ವಾಪಸು ಬರುತ್ತೇನೆ ಎಂದು ಜೊವಿತಾಳಿಗೆ ಹೇಳಿದೆ. ಅವಳು ಯಾಕೋ ನಕ್ಕಳು.

ಚಳಿಗೆ ಏನು ಹೊದೆಯಲಿ ಎಂದು ಪೆಟ್ಟಿಗೆ ತೆಗೆದೆ. ಅಮ್ಮ ನೇಯ್ದ ಹೊದಿಕೆಯೊಂದು ಸಿಕ್ಕಿತು. ಹೊಲಿಗೆ ಇಲ್ಲ, ಜೇಬಿಲ್ಲ, ಒಳಗೂ ಹೊರಗೂ ಅದೇ ಕೆಂಪು ಪಟ್ಟೆ. ಎಷ್ಟು ಸಲ ತಿರುವಿ ಹೊದ್ದರೂ ಬುಟಟೇವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಿಡಿಯಿತೆಂದರೆ ಹಿಡಿಯಿತು, ಹೊಳೆಯಾಚೆಯಿಂದ ಎಷ್ಟು ದಿನಕ್ಕೆ ಬಿಡುತ್ತದೋ.

ಅದನ್ನೇ ಹೊದ್ದು ಹೋಗುತ್ತೇನೆ.